ಬೆನ್ನುಡಿ ಬ್ರಹ್ಮನ ಬೇಸಿಗೆ ಶಿಬಿರ

ನಮ್ಮ ತಾಲ್ಲೂಕಿನಲ್ಲಿ ಯಾವುದೇ ಪುಸ್ತಕ ಅಚ್ಚಾಗಲಿ, ಅದರ ಬೆನ್ನು ನನ್ನದು. ಹೊಟ್ಟೆಯಲ್ಲಿ ಏನಿದೆ ಎಂಬುದು ಬರೆದವರ ಜವಾಬ್ದಾರಿ; ಅದರ ತಂಟೆಗೆ ನಾನು ಹೋಗುವವನಲ್ಲ. ಕಥೆಗಾರರು, ಹನಿಗವಿಗಳು, ನಿವೃತ್ತಿಯ ಮರುದಿನವೇ ಆತ್ಮಕಥೆ ಶುರುಮಾಡಿದ ಹೆಡ್‌ಮಾಸ್ಟರುಗಳು, ಯಾರೇ ಇರಲಿ, ಪ್ರೂಫು ಬಂದ ಸಂಜೆ ನಮ್ಮ ಮನೆಯ ಜಗಲಿಯಲ್ಲಿರುತ್ತಾರೆ. ನಾನು ಶೀರ್ಷಿಕೆ ನೋಡುತ್ತೇನೆ, ಅರ್ಪಣೆ ಯಾರಿಗೆಂದು ನೋಡುತ್ತೇನೆ, ಕೊನೆಯ ಪುಟದ ನಂಬರು ನೋಡುತ್ತೇನೆ. ಕಾಫಿ ಆರುವುದರೊಳಗೆ ಬೆನ್ನುಡಿ ಸಿದ್ಧ. “ಮಣ್ಣಿನ ಸೊಗಡು”, “ಸೂಕ್ಷ್ಮ ಸಂವೇದನೆ”, “ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ”, “ಇವರ ಲೇಖನಿಯಿಂದ ಇನ್ನಷ್ಟು ಕೃತಿಗಳು ಹೊಮ್ಮಲಿ”: ಈ ನಾಲ್ಕು ಕಾಲಿನ ಮೇಲೆ ನಿಲ್ಲದ ಪುಸ್ತಕವನ್ನು ನಾನಿನ್ನೂ ಕಂಡಿಲ್ಲ. ಒಮ್ಮೆ ಕೋಳಿ ಸಾಕಣೆಯ ಕೈಪಿಡಿಯೊಂದಕ್ಕೆ “ಬದುಕಿನ ಚಿಪ್ಪೊಡೆದು ಹೊರಬರುವ ಹಂಬಲ” ಎಂದು ಬರೆದುಕೊಟ್ಟೆ. ಲೇಖಕರಾದ ಪಶುವೈದ್ಯರು ಭಾವುಕರಾಗಿ ಎರಡು ಡಜನ್ ಮೊಟ್ಟೆ ಕಳಿಸಿದರು.

ಇಷ್ಟೆಲ್ಲ ಸೇವೆಯ ನಡುವೆ ನಾನೂ ಒಂದು ಕಾದಂಬರಿ ಬರೆದಿದ್ದೇನೆ. ಹೆಸರು ಹೇಳಿದರೆ ಜಾಹೀರಾತು ಎಂದೀರಿ, ಬೇಡ. ಎರಡು ಪದ, ಆಮೇಲೆ ಮೂರು ಚುಕ್ಕಿ, ಶೀರ್ಷಿಕೆ ಅಷ್ಟೇ. ಅದರ ಮೂರು ಪ್ರತಿಗಳು ನಮ್ಮೂರ ಪಂಚಾಯಿತಿ ಗ್ರಂಥಾಲಯದ ಕಪಾಟಿನಲ್ಲಿವೆ. ಕೊಟ್ಟವನು ನಾನೇ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಲೆಕ್ಕದಲ್ಲಿ, ಮನೆ ಕಂದಾಯದ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರ ಕಟ್ಟುತ್ತ ಬಂದವನಿಗೆ ಅಲ್ಲಿ ಮೂರು ಪುಸ್ತಕದಗಲ ಜಾಗ ಕೇಳುವ ಹಕ್ಕಿಲ್ಲವೇ? ಆಗಾಗ ಹೋಗಿ, ಅವು ನೆಟ್ಟಗೆ ನಿಂತಿವೆಯೇ ಎಂದು ನೋಡಿ, ಮೆಲ್ಲಗೆ ಕುವೆಂಪು ಪಕ್ಕಕ್ಕೆ ಸರಿಸಿ ಬರುತ್ತೇನೆ. ಮುಂದಿನ ಸಲ ಹೋದಾಗ ಅವು ಮತ್ತೆ ಕೋಳಿ ಸಾಕಣೆಯ ಪಕ್ಕದಲ್ಲಿರುತ್ತವೆ.

ಆ ಗ್ರಂಥಾಲಯದ ಕಟ್ಟಡ ಹಳೆಯದೇ, ಬೋರ್ಡು ಮಾತ್ರ ಹೊಸದು: “ಅರಿವು ಕೇಂದ್ರ”. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳೆಲ್ಲ ಪಂಚಾಯತ್‌ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಮರುವರ್ಷ “ಓದುವ ಬೆಳಕು” ಎಂಬ ಕಾರ್ಯಕ್ರಮ ಬಂದು ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಸಿಕ್ಕಿತು. ಅಲ್ಲಿಯವರೆಗೆ ನಿರಾತಂಕವಾಗಿ ಕೂತು, ಪತ್ರಿಕೆಯಲ್ಲಿ ನಿಧನ ವಾರ್ತೆಯನ್ನು ಮೊದಲು ಯಾರು ಓದಬೇಕು ಎಂದು ಜಗಳವಾಡುತ್ತಿದ್ದ ನಮ್ಮಂಥ ಹಿರಿಯರಿಗೆ ಏಕಾಏಕಿ ಕುರ್ಚಿಯ ಬರ ಬಂತು.

ಅಲ್ಲಿನ ಮೇಲ್ವಿಚಾರಕಿ ಮೇಡಂ ಕಡಿಮೆ ಮಾತಿನ, ಚುರುಕು ಕೈಯ ಹೆಣ್ಣುಮಗಳು. ಏಪ್ರಿಲ್‌ನಲ್ಲಿ ಪರೀಕ್ಷೆಗಳು ಮುಗಿದು ಮಾವಿನ ಮರಗಳಿಗೆ ಕಲ್ಲು ಬೀಳುವ ಹೊತ್ತಿಗೆ ಸರಿಯಾಗಿ, ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಹುಡುಗ ಹುಡುಗಿಯರಿಗೆಂದು ಕಾದಂಬರಿ ಓದುವ ಶಿಬಿರ ಹೂಡಿದರು. ಪುಸ್ತಕ ಮನೆಗೆ ಒಯ್ದು ಓದುವುದು, ಅನಿಸಿದ್ದನ್ನು ಅಂಗೈಯಗಲದ ಚೀಟಿಯಲ್ಲಿ ಬರೆಯುವುದು, ಗೋಡೆಯುದ್ದ ಕಟ್ಟಿದ ದಾರಕ್ಕೆ ಬಟ್ಟೆಯ ಕ್ಲಿಪ್ ಹಾಕಿ ತೂಗುಬಿಡುವುದು. ಮುಂದಿನವರು ಆ ಚೀಟಿ ಓದಿ ತಮಗೆ ಬೇಕಾದ್ದನ್ನು ಆರಿಸಿಕೊಳ್ಳಬೇಕು. ಕೊನೆಯ ದಿನ ಎಲ್ಲರೂ ಓಟು ಹಾಕಿ ಹತ್ತು ಪುಸ್ತಕ ಗೆಲ್ಲಿಸಬೇಕು.

“ಅಮೆರಿಕದ ಲೈಬ್ರರಿಗಳು ನೂರು ವರ್ಷಕ್ಕೂ ಹಿಂದಿನಿಂದ ಬೇಸಿಗೆ ಓದು ನಡೆಸ್ತಿವೆ ಸಾರ್,” ಎಂದರು ಮೇಡಂ. “ಅಲ್ಲಿ 2003ರಿಂದ ಹದಿಹರೆಯದವರೇ ಸೂಚಿಸಿ, ಹದಿಹರೆಯದವರೇ ಓಟು ಹಾಕಿ ಆರಿಸೋ ಹತ್ತು ಪುಸ್ತಕದ ಪಟ್ಟಿಯೂ ಬರ್ತಿದೆ. ಆ ಓಟಿನಲ್ಲಿ ದೊಡ್ಡವರು ಬಾಯಿ ಹಾಕೋ ಹಾಗಿಲ್ಲ.”

“ಬಾಯಿ ಹಾಕೋ ಹಾಗಿಲ್ಲ ಅಂದಮೇಲೆ ನನ್ನನ್ನು ಕರೆದದ್ದು?”

“ಉದ್ಘಾಟನೆಗೆ ಸಾರ್. ದೀಪ ಹಚ್ಚಿದರೆ ಸಾಕು.”

ದೀಪ ಹಚ್ಚಿ ಕೈ ತೊಳೆದುಕೊಂಡು ಹೋಗುವವರ ಪೈಕಿ ನಾನಲ್ಲ. “ಈ ವಯಸ್ಸಿನವರಿಗೆ ಕಾದಂಬರಿಯ ಒಳಹೊರಗು ಏನು ತಿಳಿಯುತ್ತೆ ಮೇಡಂ? ಒಂದು ತರಬೇತಿ ಅಂತ ಬೇಡವೇ?” ಎಂದೆ.

ಅವರು ರಿಜಿಸ್ಟರಿಗೆ ಗೆರೆ ಎಳೆಯುತ್ತಲೇ ಹೇಳಿದರು: “ಎಸ್. ಇ. ಹಿಂಟನ್ ಅಂತ ಅಮೆರಿಕದ ಹುಡುಗಿ ಸಾರ್. ‘ದಿ ಔಟ್‌ಸೈಡರ್ಸ್’ ಅನ್ನೋ ಕಾದಂಬರಿಯನ್ನ ಹೈಸ್ಕೂಲಿನಲ್ಲಿದ್ದಾಗ ಬರೆದಳು. 1967ರಲ್ಲಿ ಅಚ್ಚಾದಾಗ ಅವಳಿಗೆ 18 ವರ್ಷ. ಆ ವಯಸ್ಸಿಗೆ ಬರೆಯೋದೇ ಬರುತ್ತೆ ಅಂದ್ರೆ, ಓದಿ ಅನಿಸಿದ್ದು ಹೇಳೋದು ಬರಲ್ವಾ?”

“ಅದೇ 1967ರಲ್ಲಿ ನಮ್ಮಲ್ಲಿ ‘ಮಲೆಗಳಲ್ಲಿ ಮದುಮಗಳು’ ಬಂತು!” ಎಂದೆ, ಬರೆದವನು ನಾನೇ ಎಂಬ ಠೀವಿಯಲ್ಲಿ.

“ಹೌದು ಸಾರ್. ಅದರ ಚೀಟಿ ಕಿಟಕಿ ಪಕ್ಕ ಇದೆ.”

ಉದ್ಘಾಟನೆಗೆ ಮೊದಲೇ ಮಕ್ಕಳು ಓದಲು ಶುರುಮಾಡಿಬಿಟ್ಟಿದ್ದರು. ಅತಿಥಿಗಳು ಬಂದು ದೀಪ ಹಚ್ಚುವ ಮೊದಲು ಏನನ್ನೂ ಮಾಡಬಾರದೆಂಬ ಸಂಸ್ಕಾರ ಈ ಪೀಳಿಗೆಗೆ ಇಲ್ಲ. ಕಿಟಕಿಯ ಬಳಿ ಹೋಗಿ ಕನ್ನಡಕ ಏರಿಸಿದೆ. ದುಂಡನೆಯ ಅಕ್ಷರದಲ್ಲಿತ್ತು: “ಮದುಮಗಳು ಯಾರು ಅಂತ ತುಂಬಾ ಪುಟ ಹುಡುಕಿದೆ. ಆಮೇಲೆ ಹುಡುಕೋದು ಬಿಟ್ಟು ಕಾಡಲ್ಲಿ ಎಲ್ಲರ ಜೊತೆ ಓಡಾಡಿಕೊಂಡಿದ್ದೆ, ಚೆನ್ನಾಗಿತ್ತು. ಗುತ್ತಿಯ ನಾಯಿ ಹುಲಿಯ ಸಾಯುತ್ತೆ. ಮನೆಯಲ್ಲಿ ನಾಯಿ ಸಾಕಿರುವವರು ಕೊನೆಯ ಭಾಗವನ್ನು ರಾತ್ರಿ ಓದಬೇಡಿ.”

ಪಕ್ಕದಲ್ಲಿ ‘ಚೋಮನ ದುಡಿ’: “ತೆಳ್ಳಗಿದೆ ಅಂತ ತಗೊಂಡು ಮೋಸ ಹೋದೆ. ಎರಡು ದಿನ ಊಟ ಸೇರಲಿಲ್ಲ.” ಆಚೆಗೆ ‘ಪರ್ವ’: “ಅಜ್ಜಿ ಹೇಳಿದ ಮಹಾಭಾರತದಲ್ಲಿ ಕಷ್ಟ ಬಂದಾಗ ದೇವರು ಬರುತ್ತಾನೆ. ಇದರಲ್ಲಿ ಯಾರೂ ಬರಲ್ಲ. ಎಲ್ಲರಿಗೂ ವಯಸ್ಸಾಗಿದೆ, ಎಲ್ಲರಿಗೂ ಸುಸ್ತು. ಅಜ್ಜಿಗೆ ಈ ಪುಸ್ತಕದ ಬಗ್ಗೆ ಹೇಳಿಲ್ಲ.” ‘ಬೆಟ್ಟದ ಜೀವ’: “ದಾರಿ ತಪ್ಪಿ ಬಂದವನಿಗೆ ಗೋಪಾಲಯ್ಯ ಮಾಡುವ ಉಪಚಾರ ಓದುತ್ತ ನನಗೆ ಹಸಿವಾಯಿತು. ಮನೆಬಿಟ್ಟು ಹೋದ ಅವರ ಮಗನ ಮೇಲೆ ಸಿಟ್ಟಿದೆ.” ‘ಶರಪಂಜರ’ದ ಚೀಟಿ ಕೆಂಪು ಶಾಯಿಯಲ್ಲಿತ್ತು: “ಅಮ್ಮ ಇದರ ಸಿನಿಮಾ ನೋಡಿ ಅತ್ತಿದ್ದರಂತೆ. ನನಗೆ ಅಳು ಬರಲಿಲ್ಲ, ಕಾವೇರಿಯ ಗಂಡನಿಗೆ ಎರಡು ಬಿಗಿಯಬೇಕು ಅನಿಸಿತು.” ‘ಕರ್ವಾಲೊ’ದ ಚೀಟಿಗೆ ಮೂರು ಜನರ ಕೈಬರಹ ಸೇರಿತ್ತು: “ಹಾರುವ ಓತಿ ಸಿಗುತ್ತಾ?” “ಹೇಳಲ್ಲ.” “ಹೇಳಿದವರಿಗೆ ಒದೆ.”

ನನಗೆ ಬೆವರು ಕಿತ್ತುಕೊಂಡಿತು. ಇಬ್ಬರು ಜ್ಞಾನಪೀಠಿಗಳು ತೂಗುವ ದಾರದಲ್ಲಿ “ಮೋಸ”, “ಸಿಟ್ಟು”, “ಒದೆ”! ಇದು ಹೀಗೇ ಬಿಟ್ಟರೆ ನಾಳೆ ನನ್ನ ಕಾದಂಬರಿಗೂ ಚೀಟಿ ಬರುತ್ತದೆ ಎಂಬ ಯೋಚನೆ ನನಗೆ ಬರಲೇ ಇಲ್ಲ ಎಂದು ಬೇಕಾದರೆ ಪ್ರಮಾಣ ಮಾಡುತ್ತೇನೆ. ನನಗಿದ್ದದ್ದು ಸಾಹಿತ್ಯದ ಕಾಳಜಿ. ದೀಪ ಹಚ್ಚಿದ ಬೆಂಕಿಕಡ್ಡಿ ಆರುವ ಮೊದಲೇ ನನ್ನನ್ನು ನಾನು ಶಿಬಿರದ ಗೌರವ ಮಾರ್ಗದರ್ಶಕನೆಂದು ನೇಮಿಸಿಕೊಂಡೆ. ಮೇಡಂ ಬೇಡ ಎನ್ನಲಿಲ್ಲ. ಅವರಿಗೆ ಬೇಡ ಎನ್ನಲು ನಾನು ಜಾಗ ಬಿಡಲಿಲ್ಲ.

ಮರುದಿನ ಬೆಳಗ್ಗೆ ಡ್ರಾಯಿಂಗ್ ಶೀಟಿನ ಚಾರ್ಟಿನೊಂದಿಗೆ ಹಾಜರಾದೆ. ಎಡಗಡೆ “ಅನಾಗರಿಕ”, ಬಲಗಡೆ “ಸಾಹಿತ್ಯಿಕ”. “ನಿದ್ದೆ ಬಂತು” ಎನ್ನಬಾರದು, “ಧ್ಯಾನಸ್ಥ ಗತಿ” ಎನ್ನಬೇಕು. “ಏನೂ ತಿಳೀಲಿಲ್ಲ” ಅಲ್ಲ, “ಬಹುಸ್ತರದ ಕೃತಿ”. “ಸಿಕ್ಕಾಪಟ್ಟೆ ಉದ್ದ” ಇರುವುದು “ಮಹಾಕಾವ್ಯದ ಹರಹು”. “ಕೊನೆ ಚೆನ್ನಾಗಿಲ್ಲ” ಎಂದರೆ “ಓದುಗನ ನಿರೀಕ್ಷೆಯನ್ನು ಮುರಿಯುವ ಮುಕ್ತಾಯ”. ಮಕ್ಕಳು ನೋಟುಬುಕ್ಕಿನಲ್ಲಿ ಶ್ರದ್ಧೆಯಿಂದ ಬರೆದುಕೊಂಡರು. ಎರಡು ಜಡೆಯ, ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೈಯೆತ್ತಿ, “ಸಾರ್, ನಿಜವಾಗ್ಲೂ ಚೆನ್ನಾಗಿದ್ರೆ ಏನಂತ ಬರೀಬೇಕು?” ಎಂದು ಕೇಳಿದಳು. ಚಾರ್ಟು ನೋಡಿಕೊಂಡೆ. ಅದಕ್ಕೊಂದು ಸಾಲು ಹಾಕಿರಲಿಲ್ಲ. “ಅದನ್ನು ಮುಂದಿನ ತರಗತಿಯಲ್ಲಿ ನೋಡೋಣ” ಎಂದೆ.

ಒಂದು ವಾರದಲ್ಲಿ ದಾರದ ಚಹರೆಯೇ ಬದಲಾಯಿತು. ಹುಡುಗರು ನನ್ನನ್ನೂ ಮೀರಿಸಿದರು. ‘ಚೋಮನ ದುಡಿ’ಯ ಹೊಸ ಚೀಟಿ ಹೀಗಿತ್ತು: “ಭರವಸೆಯ ಯುವ ಲೇಖಕ ಶಿವರಾಮ ಕಾರಂತರ ಲೇಖನಿಯಿಂದ ಇನ್ನಷ್ಟು ಕೃತಿಗಳು ಹೊಮ್ಮಲಿ.” ಬರೆದವನನ್ನು ಹಿಡಿದು ಕೇಳಿದೆ. ಕಂಕುಳಲ್ಲಿ ಕ್ರಿಕೆಟ್ ಬ್ಯಾಟು ಇಟ್ಟುಕೊಂಡೇ ಗ್ರಂಥಾಲಯಕ್ಕೆ ಬರುವ ಆಸಾಮಿ ಅವನು. “ಇದು ಬಂದದ್ದು 1933ರಲ್ಲಿ, ಅವರು ಹುಟ್ಟಿದ್ದು 1902ರಲ್ಲಿ. ಆಗ ಯುವ ಲೇಖಕರೇ ಅಲ್ವಾ ಸಾರ್? ಆಮೇಲೆ ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದರು. ಹೊಮ್ಮಲಿ ಅಂದದ್ದು ಸುಳ್ಳಾಗಲಿಲ್ಲ!” ಎಂದ. ಬೆನ್ನುಡಿಯ ಭವಿಷ್ಯ ಫಲಿಸಿದ ಏಕೈಕ ಪ್ರಕರಣ ಇದೇ ಇರಬೇಕು.

ಉತ್ಸಾಹ ಕಾದಂಬರಿಗಳಿಗೆ ನಿಲ್ಲಲಿಲ್ಲ. ಪಂಚಾಂಗದ ಮೇಲೆ “ಕಾಲದ ಸೂಕ್ಷ್ಮ ಶೋಧ, ತಿಥಿಯಿಂದ ತಿಥಿಗೆ ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ” ಎಂದು ತೂಗುತ್ತಿತ್ತು. ಸ್ಪರ್ಧಾತ್ಮಕ ಪರೀಕ್ಷೆಯ ಗೈಡಿಗೆ: “ಮನುಷ್ಯ ಬದುಕಿನ ಮೂಲಭೂತ ಪ್ರಶ್ನೆಗಳನ್ನು ಎತ್ತುವ ಬಹುಸ್ತರದ ಕೃತಿ. ಉತ್ತರಗಳು ಕೊನೆಯಲ್ಲಿವೆ.” ನಾನು ಹೆಮ್ಮೆಯಿಂದ ಫೋಟೊ ತೆಗೆದು ಸಾಹಿತ್ಯ ಬಳಗದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಕೈ ಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು.

ಮೇಡಂ ಮಾತ್ರ ಎರವಲು ರಿಜಿಸ್ಟರು ತಂದು ನನ್ನ ಮುಂದೆ ಇಟ್ಟರು. ಮೊದಲ ಪುಟಗಳು ಕಿಕ್ಕಿರಿದಿದ್ದವು. ನನ್ನ ತರಬೇತಿಯ ನಂತರದ ಪುಟ ಕನ್ನಡಿಯಷ್ಟು ಸ್ವಚ್ಛವಾಗಿತ್ತು.

“ಬಿಸಿಲು ಜಾಸ್ತಿ ಅಲ್ಲವೇ,” ಎಂದೆ.

“ಬಿಸಿಲು ಮೊದಲೂ ಇತ್ತು ಸಾರ್. ಈಗ ಚೀಟಿ ನೋಡಿದರೆ ಯಾವುದನ್ನ ತಗೋಬೇಕು ಅಂತ ಮಕ್ಕಳಿಗೆ ಗೊತ್ತಾಗ್ತಿಲ್ಲ. ಎಲ್ಲವೂ ಅನನ್ಯ.” ಹಾಗೆಂದು ಅವರು ಗೋಡೆಯತ್ತ ನೋಡಿದರು. ಅಲ್ಲಿ ಎಸ್. ಆರ್. ರಂಗನಾಥನ್ ಅವರ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ನೀಲಿ ಬಣ್ಣದಲ್ಲಿ ಬರೆಸಿದ್ದಾರೆ. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಈ ಸೂತ್ರಗಳನ್ನು ಪುಸ್ತಕವಾಗಿ ಪ್ರಕಟಿಸಿದರು, ಕೊನೆಗಾಲದಲ್ಲಿ ಬೆಂಗಳೂರಿನವರೇ ಆಗಿದ್ದು 1972ರಲ್ಲಿ ಅಲ್ಲೇ ತೀರಿಕೊಂಡರು. ಇಷ್ಟನ್ನೂ ನಾನು ಮೇಡಂಗೆ ವಿವರಿಸಿದೆ. ಅವರು ಗ್ರಂಥಾಲಯ ವಿಜ್ಞಾನ ಓದಿದವರು ಎಂಬುದು ಆಮೇಲೆ ತಿಳಿಯಿತು.

“ನಾಲ್ಕನೆಯದನ್ನ ಓದಿ ಸಾರ್,” ಎಂದರು.

ನಾಲ್ಕನೆಯ ಸೂತ್ರದ ತಾತ್ಪರ್ಯ, ಓದುಗನ ಹೊತ್ತು ಹಾಳು ಮಾಡಬಾರದು ಎಂದು. ನನಗೆ ಪ್ರಿಯವಾದದ್ದು ಅದಕ್ಕಿಂತ ಮೇಲಿನದು, ಮೂರನೆಯದು. ಪ್ರತಿಯೊಂದು ಪುಸ್ತಕಕ್ಕೂ ತನ್ನದೇ ಆದ ಓದುಗ ಸಿಗಬೇಕು ಎನ್ನುತ್ತದೆ ಅದು. ಕಪಾಟಿನಲ್ಲಿರುವ ನನ್ನ ಮೂರು ಪ್ರತಿಗಳು ಆ ಸೂತ್ರದ ಆಧಾರದ ಮೇಲೆಯೇ ನಿಂತಿವೆ. “ಮೂರನೆಯದು ನೆರವೇರಿದ ಮೇಲೆ ತಾನೇ ನಾಲ್ಕನೆಯದು?” ಎಂದು ವಾದಿಸಿದೆ. ಮೇಡಂ ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ.

ಆದರೆ ಕೆಲವೇ ದಿನಗಳಲ್ಲಿ ಪವಾಡ ನಡೆಯಿತು. ರಿಜಿಸ್ಟರು ಮತ್ತೆ ತುಂಬತೊಡಗಿತು. ಚೀಟಿಗಳಲ್ಲಿ ನನ್ನ ಭಾಷೆ ಹಾಗೇ ಇದೆ, “ಅನನ್ಯ” ಇದೆ, “ಸೊಗಡು” ಇದೆ, ಆದರೂ ‘ದುರ್ಗಾಸ್ತಮಾನ’ಕ್ಕೆ ಸರತಿ, ‘ಚಿದಂಬರ ರಹಸ್ಯ’ಕ್ಕೆ ಜಗಳ, ‘ಫಣಿಯಮ್ಮ’ನನ್ನು ಯಾರೋ ಇನ್ನೊಬ್ಬರಿಗೆ ಸಿಗದಿರಲೆಂದು ಭೂಗೋಳದ ಕಪಾಟಿನಲ್ಲಿ ಬಚ್ಚಿಟ್ಟಿದ್ದಾರೆ. ನನ್ನ ಮಾರ್ಗದರ್ಶನ ಬೇರು ಬಿಟ್ಟು ಚಿಗುರಲು ಇಷ್ಟು ಸಮಯ ಹಿಡಿಯಿತು ಎಂದುಕೊಂಡೆ. “ಗ್ರಾಮೀಣ ಹದಿಹರೆಯದಲ್ಲಿ ವಿಮರ್ಶಾ ಪ್ರಜ್ಞೆಯ ಉದಯ” ಎಂಬ ವರದಿಯನ್ನೂ ಬರೆಯತೊಡಗಿದೆ. ಉದಯಕ್ಕೆ ಕಾರಣನಾದವನ ಭಾವಚಿತ್ರ ಮೊದಲ ಪುಟದಲ್ಲೇ ಇರಲಿ ಎಂದು ಸ್ಟುಡಿಯೋಗೂ ಹೋಗಿಬಂದೆ.

ವರದಿಗೆಂದು ಮಕ್ಕಳನ್ನು ಗಮನಿಸುತ್ತ ಕೂತಿದ್ದಾಗ ಒಂದು ವಿಚಿತ್ರ ಕಂಡಿತು. ಚೀಟಿಯ ಮುಂದೆ ನಿಂತವರು ಯಾರೂ ಅದನ್ನು ಓದುತ್ತಿಲ್ಲ. ಕತ್ತು ಓರೆ ಮಾಡಿ ಕೆಳಗಿನ ಬಲ ಮೂಲೆಯನ್ನು ನೋಡುತ್ತಾರೆ, ಪುಸ್ತಕ ತೆಗೆದುಕೊಳ್ಳುತ್ತಾರೆ ಅಥವಾ ಬಿಡುತ್ತಾರೆ. ಎದ್ದು ಹೋಗಿ ನೋಡಿದೆ. ಮೂಲೆಯಲ್ಲಿ ಪೆನ್ಸಿಲಿನ ಚುಕ್ಕಿಗಳು. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು. ಪೆನ್ಸಿಲು ಚೂಪಾಗಿದೆಯೇ ಎಂದು ಒತ್ತಿ ನೋಡಿರಬೇಕು, ನಮ್ಮ ಕಾಲದಲ್ಲಿ ಇಂಥ ಅಶಿಸ್ತು ಇರಲಿಲ್ಲ ಎಂದುಕೊಳ್ಳುತ್ತ ಸಾಲಿನ ತುದಿಗೆ ಬಂದೆ. ಅಲ್ಲಿ ನನ್ನ ಕಾದಂಬರಿಯ ಚೀಟಿ ತೂಗುತ್ತಿತ್ತು! ಎದೆ ಡವಗುಟ್ಟಿತು. “ಧ್ಯಾನಸ್ಥ ಗತಿಯ, ಮಹಾಕಾವ್ಯದ ಹರಹಿನ ಬಹುಸ್ತರದ ಕೃತಿ. ಓದುಗನ ನಿರೀಕ್ಷೆಯನ್ನು ಮೊದಲ ಪುಟದಿಂದಲೇ ಮುರಿಯುತ್ತದೆ.” ಕಣ್ಣು ತುಂಬಿ ಬಂತು. ಅದರ ಕೆಳಗೆ, ಮೂಲೆಯಲ್ಲಿ, ಮೂರು ಚುಕ್ಕಿ.

ದಾರದುದ್ದಕ್ಕೂ ಮತ್ತೊಮ್ಮೆ ನಡೆದು ನೋಡಿದೆ. ಮೂರು ಚುಕ್ಕಿ ಇದ್ದದ್ದು ನನ್ನದಕ್ಕೂ ಪಂಚಾಂಗಕ್ಕೂ ಮಾತ್ರ. ಮೂರು ಅಂದರೆ ಅತ್ಯುನ್ನತ ಶ್ರೇಣಿ ಇರಬೇಕು, ಹೋಟೆಲಿಗೆ ಕೊಡುವುದಿಲ್ಲವೇ? ಎರಡು ಜಡೆಯ ಹುಡುಗಿಯನ್ನು ಕರೆದು, ಏನೂ ಗೊತ್ತಿಲ್ಲದವನ ಧ್ವನಿಯಲ್ಲಿ ಕೇಳಿದೆ.

ಅವಳು ಸಂಕೋಚ ಪಡಲಿಲ್ಲ. “ಒಂದು ಅಂದ್ರೆ ಇವತ್ತೇ ತಗೊಂಡು ಹೋಗು. ಎರಡು ಅಂದ್ರೆ ಮಳೆಗಾಲದಲ್ಲಿ ಕರೆಂಟು ಹೋದಾಗ ಓದಬಹುದು. ಮೂರು ಅಂದ್ರೆ ಮುಟ್ಟಬೇಡ. ನೀವು ಹೇಳಿಕೊಟ್ಟ ಹಾಗೆ ಬರೆದರೆ ಯಾವುದು ಹೇಗಿದೆ ಅಂತ ಗೊತ್ತಾಗ್ತಿರಲಿಲ್ಲ ಸಾರ್. ನಿಮಗೂ ಬೇಜಾರಾಗಬಾರದು, ನಮಗೂ ರಜೆ ಹಾಳಾಗಬಾರದು ಅಂತ ಹೀಗೆ ಮಾಡಿದ್ವಿ.”

“ಈ ಮೂರು ಚುಕ್ಕಿಯ ಉಪಾಯ ಯಾರದು?”

“ನಿಮ್ಮದೇ ಸಾರ್! ನಿಮ್ಮ ಕಾದಂಬರಿಯಿಂದಲೇ ಕಲಿತದ್ದು. ಹೇಳೋಕೆ ಏನೂ ಇಲ್ಲದ ಕಡೆಯಲ್ಲೆಲ್ಲ ನೀವು ಮೂರು ಚುಕ್ಕಿ ಇಟ್ಟಿದ್ದೀರಲ್ಲ? ಅವಳು ಬಾಗಿಲು ತೆಗೆದಳು, ಮೂರು ಚುಕ್ಕಿ. ಅವನು ನಿಂತಿದ್ದ, ಮೂರು ಚುಕ್ಕಿ. ಹೊರಗೆ ಮಳೆ, ಮೂರು ಚುಕ್ಕಿ.”

“ಅದು ಧ್ವನಿ ಮಗೂ,” ಎಂದೆ. “ಮಾತು ಸೋತಾಗ ಮೌನ ಮಾತಾಡುತ್ತದೆ.”

ಕ್ರಿಕೆಟ್ ಬ್ಯಾಟಿನವನು ನಡುವೆ ಬಾಯಿ ಹಾಕಿದ. “ಮೊದಲನೇ ಅಧ್ಯಾಯದ್ದು ನಾನು ಎಣಿಸಿದೀನಿ ಸಾರ್. ಪೂರ್ಣವಿರಾಮ ಬಿಟ್ಟು 212 ಚುಕ್ಕಿ. ಮೂರರಿಂದ ಭಾಗಿಸಿದರೆ 70 ಮೌನ ಬರುತ್ತೆ, ಎರಡು ಚುಕ್ಕಿ ಶೇಷ ಉಳಿಯುತ್ತೆ. ಎಲ್ಲೋ ಒಂದು ಮೌನ ಅರ್ಧಂಬರ್ಧ ಆಗಿದೆ, ಪ್ರೂಫ್ ಸರಿಯಾಗಿ ನೋಡಿಲ್ಲ.” ರಂಗನಾಥನ್ ಅವರೂ ಗಣಿತದಿಂದಲೇ ಗ್ರಂಥಾಲಯಕ್ಕೆ ಬಂದವರು ಎಂಬ ವಿಷಯವನ್ನು ಈ ಹುಡುಗನಿಗೆ ಯಾರೂ ತಿಳಿಸದಿರುವುದೇ ಕ್ಷೇಮ.

ಇಂಥ ಸಂದರ್ಭದಲ್ಲಿ ಅಳುಕುವುದು ಸಣ್ಣ ಲೇಖಕರ ಲಕ್ಷಣ. ಹೊಸ ತಲೆಮಾರಿನ ಸಂಕೇತ ವ್ಯವಸ್ಥೆಗೆ ಪ್ರೇರಣೆಯಾದ ಕೃತಿ ನನ್ನದು ಎಂದು ವರದಿಯಲ್ಲಿ ಸೇರಿಸಿದೆ. ಸೇರಿಸಿ, ಯಾರೂ ನೋಡದ ಹೊತ್ತಿನಲ್ಲಿ ರಬ್ಬರು ಹಿಡಿದು ದಾರದ ಬಳಿ ಹೋಗಿ ಮೂರರಲ್ಲಿ ಎರಡು ಚುಕ್ಕಿಗಳನ್ನು ಅಳಿಸಿದೆ. ಮಧ್ಯಾಹ್ನ ನೋಡಿದರೆ ಪೆನ್ನಿನಲ್ಲಿ ಇಟ್ಟಿದ್ದರು.

ಸಮಾರೋಪಕ್ಕೆ ಬರಬೇಕಿದ್ದ ದೊಡ್ಡವರಿಗೆ ಅದೇ ದಿನ ಮದುವೆಯೊಂದು ಬಂದದ್ದರಿಂದ ಮುಖ್ಯ ಅತಿಥಿಯ ಕುರ್ಚಿಯೂ ನನಗೇ ದಕ್ಕಿತು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಕೆಲವರ ಮುಖ ಅರಳಿ ಕೆಲವರದು ಬಾಡಿದ್ದರೂ ಓಟು ಹಾಕಲು ಎಲ್ಲರೂ ಬಂದಿದ್ದರು. ಹಳೆಯ ಬಿಸ್ಕತ್ತಿನ ಡಬ್ಬವೇ ಮತಪೆಟ್ಟಿಗೆ. ಮೇಡಂ ಒಂದೊಂದೇ ಚೀಟಿ ಬಿಡಿಸಿ ಓದಿದರು. 1980ರಲ್ಲಿ ಬಂದ ‘ಕರ್ವಾಲೊ’, ಅದು ಬಂದಾಗ ಇವರ ಅಪ್ಪ ಅಮ್ಮಂದಿರೂ ಚಡ್ಡಿ ಲಂಗದಲ್ಲಿದ್ದಿರಬೇಕು, ಭಾರೀ ಅಂತರದಲ್ಲಿ ಗೆದ್ದಿತು. ಎರಡನೆಯದು ‘ಚೋಮನ ದುಡಿ’. ಮೋಸ ಹೋದೆ ಎಂದು ಬರೆದಿದ್ದವನೇ ಮನೆಮನೆಗೆ ಹೋಗಿ ಪ್ರಚಾರ ಮಾಡಿದ್ದನಂತೆ. ‘ಶರಪಂಜರ’ಕ್ಕೆ ಹುಡುಗಿಯರ ಓಟು ಸಾಲುಸಾಲಾಗಿ ಬಿದ್ದು, ಹುಡುಗರು ನಾಳೆಯೇ ಅದನ್ನು ಓದಬೇಕೆಂಬ ಠರಾವೂ ಪಾಸಾಯಿತು. ಅದನ್ನು ಬರೆದ ತ್ರಿವೇಣಿ 1963ರಲ್ಲಿ, 34ರ ವಯಸ್ಸಿಗೇ ತೀರಿಕೊಂಡರು ಎಂದು ಮೇಡಂ ಹೇಳಿದಾಗ ಒಬ್ಬಳು, “ಹಾಗಾದ್ರೆ ಇನ್ನಷ್ಟು ಕೃತಿಗಳು ಹೊಮ್ಮಲಿ ಅನ್ನೋದನ್ನ ಇವರಿಗೆ ಹೇಳಬೇಕಿತ್ತು” ಎಂದಳು. ನಾನು ಆ ಸಾಲನ್ನು ಹಂಚಿದ ನೂರಾರು ಜನರೆಲ್ಲ ಆರೋಗ್ಯವಾಗಿದ್ದಾರೆ, ಬರೆಯುತ್ತಲೂ ಇದ್ದಾರೆ.

ಹತ್ತೂ ಮುಗಿದ ಮೇಲೆ ಮಕ್ಕಳು ತಾವೇ ಹುಟ್ಟುಹಾಕಿದ ಇನ್ನೊಂದು ವಿಭಾಗ ಬಂತು: ಅರ್ಧಕ್ಕೆ ಬಿಟ್ಟ ಪುಸ್ತಕಗಳು. ಅದರಲ್ಲಿ, ಬಿಡುವ ಮೊದಲು ಯಾವುದನ್ನು ಅತಿ ಹೆಚ್ಚು ಪುಟ ಓದಲಾಯಿತೋ ಅದಕ್ಕೆ ಬಹುಮಾನ. ಎರಡು ಜಡೆಯವಳು ಒಂದು ಪುಸ್ತಕದ 94ನೇ ಪುಟದವರೆಗೆ ಹೋಗಿದ್ದಳು. ಬೇರೆ ಯಾರೂ ಆ ಪುಸ್ತಕದಲ್ಲಿ 11 ದಾಟಿರಲಿಲ್ಲ. ಶೀರ್ಷಿಕೆ ಓದುವಾಗ ಮೇಡಂ ಎರಡು ಪದ ಹೇಳಿ ಚುಕ್ಕಿಗಳ ಜಾಗದಲ್ಲಿ ಸ್ವಲ್ಪ ನಿಂತರು.

ಬಹುಮಾನ ಕೊಡುವವರು ಮುಖ್ಯ ಅತಿಥಿಗಳು. ತೆಗೆದುಕೊಳ್ಳುವವರು ಲೇಖಕರು. ವೇದಿಕೆಯಲ್ಲಿ ಇಬ್ಬರ ಪಾತ್ರಕ್ಕೂ ನಾನೊಬ್ಬನೇ ಇದ್ದೆ. ಬಲಗೈಯಿಂದ ಎಡಗೈಗೆ ಒಂದು ಪೆನ್ಸಿಲು ದಾಟಿಸಿಕೊಂಡೆ. “ಸಾರ್, ಈ ಕಡೆ ನೋಡಿ” ಎಂದು ಫೋಟೊ ತೆಗೆದರು. ಕೈ ಕುಲುಕುವ ಭಾಗ ಬಂದಾಗ ನಮಸ್ಕಾರ ಮಾಡಿ ಸುಧಾರಿಸಿದೆ. ಚಪ್ಪಾಳೆ ಮಾತ್ರ ಬೆನ್ನುಡಿಯ ಚಪ್ಪಾಳೆಯಲ್ಲ, ಹೊಟ್ಟೆಯಿಂದ ಬಂದದ್ದು. ಅಂಥದ್ದು ನನಗೆ ಅದೇ ಮೊದಲು.

ಆ ಪೆನ್ಸಿಲಿನ ಪ್ರಭಾವವೋ ಏನೋ, ಶಿಬಿರ ಮುಗಿದ ಮೇಲೆ ಬಂದ ಮೊದಲ ಬೆನ್ನುಡಿಯಲ್ಲಿ ಕೈ ತಡೆಯಿತು. ಪಕ್ಕದ ಊರಿನ ಗೆಳೆಯನ ಕಾದಂಬರಿ. ದಪ್ಪ ಇಟ್ಟಿಗೆ. ನಾಲ್ಕು ಕಾಲುಗಳನ್ನು ಎಂದಿನಂತೆ ಜೋಡಿಸಿದೆ. ಆದರೆ ಕೊನೆಯ ಸಾಲು ಮುಗಿಸಿ, ಸುಮ್ಮನಿರಲಾರದೆ, ಮೂರು ಚುಕ್ಕಿ ಇಟ್ಟುಕೊಟ್ಟೆ. ಪುಸ್ತಕ ಬಂದ ದಿನ ಗೆಳೆಯ ಫೋನು ಮಾಡಿದ. ಗಂಟಲು ಕಟ್ಟಿತ್ತು. “ಆ ಮೂರು ಚುಕ್ಕಿ ನೋಡಿ ಮಾತೇ ಹೊರಡಲಿಲ್ಲ ಮಾರಾಯ. ಓದಿ ನಿನಗೂ ಮಾತು ಹೊರಟಿಲ್ಲ ಅಂತ ಗೊತ್ತಾಯಿತು. ನಿನ್ನ ಎರಡನೇ ಕಾದಂಬರಿ ಬರ್ತಿದೆಯಲ್ಲ, ಅದರ ಬೆನ್ನು ನನಗಿರಲಿ.” ಕೊಟ್ಟೆ. ಹಸ್ತಪ್ರತಿಯನ್ನು ಕೊರಿಯರ್ ಮಾಡಿದ ಮರುದಿನವೇ ಬೆನ್ನುಡಿ ಬಂತು, ಬಹಳ ಹೃದಯಸ್ಪರ್ಶಿಯಾಗಿತ್ತು. ಕೊನೆಯಲ್ಲಿ ಚುಕ್ಕಿಗಳೂ ಇದ್ದವು. ಎಣಿಸಿದೆ. ಆರು.

ಹೊಸ ಕಾದಂಬರಿಯ ಮೂರು ಪ್ರತಿ ಹಿಡಿದು ಗ್ರಂಥಾಲಯಕ್ಕೆ ಹೋದೆ. ಎರಡು ಜಡೆಯವಳು ಈಗ ಎಸ್ಸೆಸ್ಸೆಲ್ಸಿ, ಜಡೆ ಒಂದಾಗಿದೆ. ಪುಸ್ತಕ ತಿರುಗಿಸಿ ಬೆನ್ನು ತೋರಿಸಿ, “ಆರಕ್ಕೆ ನಿಮ್ಮಲ್ಲಿ ಏನರ್ಥ?” ಎಂದು ಕೇಳಿದೆ.

ಅವಳು ಸ್ವಲ್ಪವೂ ಯೋಚಿಸಲಿಲ್ಲ. “ಮೂರು ಅಂದ್ರೆ ಓದೋರು ಬಿಟ್ಟುಬಿಟ್ರು ಅಂತ ತಾನೇ ಸಾರ್? ಆರು ಅಂದ್ರೆ ಬೆನ್ನುಡಿ ಬರೆದವರೂ ಬಿಟ್ಟುಬಿಟ್ಟಿದ್ದಾರೆ.” ಹಾಗೆಂದವಳೇ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. “ಇದನ್ನ ನಾನು ಮನೆಗೆ ತಗೊಂಡು ಹೋಗ್ತೀನಿ. ಇನ್ನೊಬ್ಬರ ಚುಕ್ಕಿ ನಂಬಬಾರದು, ನಾನೇ ಓದಿ ಇಡ್ತೀನಿ.”

ಮೂರನೆಯ ಸೂತ್ರ ಕೊನೆಗೂ ನೆರವೇರಿದೆ. ನನ್ನ ಪುಸ್ತಕಕ್ಕೆ ಒಬ್ಬಳು ಓದುಗಿ ಸಿಕ್ಕಿದ್ದಾಳೆ. ಉಳಿದಿರುವುದು ನಾಲ್ಕನೆಯದು, ಅದನ್ನು ಎಷ್ಟು ದಿನ ಮುಂದೂಡಬಹುದೋ ನೋಡುತ್ತಿದ್ದೇನೆ. ಅವಳು ಪುಸ್ತಕ ವಾಪಸು ತರುವ ತನಕ ತಾನೇ ಚೀಟಿ ಬೀಳುವುದಿಲ್ಲ? ಪ್ರತಿ ಬಾರಿ ಅವಧಿ ಮುಗಿಯುವ ಹಿಂದಿನ ದಿನ ನಾನೇ ಖುದ್ದಾಗಿ ಗ್ರಂಥಾಲಯಕ್ಕೆ ಹೋಗಿ, ಆ ಹುಡುಗಿಗೆ ಪಾಪ ಎಸ್ಸೆಸ್ಸೆಲ್ಸಿ ಓದಿನ ಒತ್ತಡ, ಆತುರ ಬೇಡ ಎಂದು ಮೇಡಂಗೆ ಹೇಳಿ, ಅವಳ ಹೆಸರಿನಲ್ಲಿ ಅವಧಿ ವಿಸ್ತರಿಸಿ ಬರುತ್ತಿದ್ದೇನೆ. ದಂಡ ಬಿದ್ದರೂ ನಾನೇ ಕಟ್ಟುತ್ತೇನೆಂದು ಮುಂಗಡವಾಗಿ ತಿಳಿಸಿಯೂ ಇದ್ದೇನೆ.